ಆಂಟಿಬಾಡಿ ಇದ್ರೂ ಕೊರೊನಾ ಮತ್ತೆ ಬರೋದ್ಯಾಕೆ?

ಪ್ರಶ್ನೆ: ಲಸಿಕೆ ಎಲ್ಲಾ ಡೋಸ್ ಆಗಿದೆ, ಒಂದ್ಸಲ ಕೋವಿಡ್ ಬಂದೂ ಹೋಗಿದೆ. ಆಂಟಿಬಾಡಿ ಟೆಸ್ಟ್ ಮಾಡಿಸಿದ್ರೆ ನಂಬರ್ ಚೆನ್ನಾಗೇ ಇತ್ತು, ಆದ್ರೂ ಮತ್ತೆ ಪಾಸಿಟಿವ್ ಬಂತು. ಹಾಗಾದ್ರೆ ಲಸಿಕೆ ತಗೊಂಡಿದ್ದೆಲ್ಲ ದಂಡನಾ ಸಾರ್?

ಉತ್ತರ: ಖಂಡಿತ ದಂಡ ಅಲ್ಲ. ಆ ಟೆಸ್ಟ್ ಹೇಳೋದು ರಕ್ತದಲ್ಲಿ ಆಂಟಿಬಾಡಿ (ವೈರಸ್‌ಗೆ ಅಂಟಿ ತಡೆಯೋ ಪ್ರೋಟೀನ್) ಎಷ್ಟಿದೆ ಅಂತ ಮಾತ್ರ, ಈಗ ಓಡಾಡ್ತಿರೋ ವೈರಸ್‌ನ ಅದು ಹಿಡಿಯುತ್ತಾ ಇಲ್ವಾ ಅನ್ನೋದು ಅದರಲ್ಲಿ ಗೊತ್ತಾಗಲ್ಲ.

ವೈರಸ್ ಮೈಮೇಲಿರೋ ಸ್ಪೈಕ್ ಪ್ರೋಟೀನ್‌ನಲ್ಲಿ ಸರಪಳಿ ಥರ ಪೋಣಿಸಿದ ಸುಮಾರು 1270 ಅಮೈನೋ ಆಮ್ಲಗಳಿವೆ (ಪ್ರೋಟೀನ್ ಕಟ್ಟೋ ಮಣಿಗಳು ಅನ್ಕೊಳ್ಳಿ), ಅದರ ತುದೀಲಿರೋ ಒಂದು ಚಿಕ್ಕ ಭಾಗ ನಮ್ಮ ಜೀವಕೋಶದ ಮೇಲೆ ಬಾಗಿಲಿನ ಥರ ಇರೋ ಎಸಿಇ2 ರಿಸೆಪ್ಟರ್ ಅನ್ನೋ ಪ್ರೋಟೀನ್‌ಗೆ ಅಂಟಿಕೊಂಡ್ರೇನೇ ವೈರಸ್ ಒಳಗೆ ಬರೋದು, ಅದನ್ನ ತಡೆಯೋ ಆಂಟಿಬಾಡಿಗಳಲ್ಲಿ ಹೆಚ್ಚಿನವು ಹೋಗಿ ಕೂರೋದೂ ಅದೇ ಜಾಗದ ಮೇಲೆ. ಆ ಭಾಗದಲ್ಲಿರೋ 484ನೇ ಅಮೈನೋ ಆಮ್ಲದ ಸ್ಥಾನವನ್ನೇ ನೋಡಿ. ಮೊದಲಿನ ವೈರಸ್‌ನಲ್ಲಿ ಅಲ್ಲಿದ್ದಿದ್ದು ಗ್ಲುಟಾಮಿಕ್ ಆಮ್ಲ, ಅದಕ್ಕೆ ನೆಗೆಟಿವ್ ಚಾರ್ಜ್. ಆಮೇಲೆ ಬಂದ ಬೀಟಾ ಅನ್ನೋ ತಳಿಯಲ್ಲಿ ಅದು ಹೋಗಿ ಲೈಸಿನ್ ಅನ್ನೋ ಬೇರೆ ಅಮೈನೋ ಆಮ್ಲ ಬಂತು, ಇದಕ್ಕೆ ಪಾಸಿಟಿವ್ ಚಾರ್ಜ್. ಚಾರ್ಜ್ ತಿರುಗಿದ್ರೆ ಹಳೆ ಆಂಟಿಬಾಡಿ ಅಲ್ಲಿ ಸರಿಯಾಗಿ ಕೂರಲ್ಲ, ಇಷ್ಟೇ ಬದಲಾವಣೆಗೆ ಬಾಮ್ಲಾನಿವಿಮ್ಯಾಬ್ ಅನ್ನೋ ಆಂಟಿಬಾಡಿ ಔಷಧಿ ಬೀಟಾ ಮೇಲೆ ಕೆಲಸಾನೇ ಮಾಡ್ಲಿಲ್ಲ! ಇನ್ನು 2021ರ ನವೆಂಬರ್‌ನಲ್ಲಿ ಕಂಡ ಓಮಿಕ್ರಾನ್‌ನ ಸ್ಪೈಕ್‌ನಲ್ಲಿ ಮೂವತ್ತಕ್ಕೂ ಜಾಸ್ತಿ ಬದಲಾವಣೆ ಇದ್ವು, ಅದರಲ್ಲಿ ಸುಮಾರು ಅರ್ಧದಷ್ಟು ಈ ಅಂಟೋ ಭಾಗದಲ್ಲೇ.

ವೈರಸ್ ಇದನ್ನೆಲ್ಲ ಪ್ಲಾನ್ ಮಾಡಿ ಮಾಡಲ್ಲ. ತನ್ನ ಆರ್‌ಎನ್‌ಎ (ವೈರಸ್ ತಯಾರಾಗೋ ಸೂಚನೆ ಇರೋ ಅಣು) ಕಾಪಿ ಮಾಡ್ಕೊಳ್ಳುವಾಗ ಅಲ್ಲಲ್ಲಿ ತಪ್ಪಾಗುತ್ತೆ, ಬಹಳಷ್ಟು ತಪ್ಪುಗಳಿಂದ ಅದಕ್ಕೇ ನಷ್ಟ, ಆದ್ರೆ ಎಲ್ಲರಲ್ಲೂ ಹಳೆ ಆಂಟಿಬಾಡಿ ಇರುವಾಗ ಅದರ ಕೈಗೆ ಸಿಗದೆ ಎಸಿಇ2ಗೆ ಅಂಟೋಕೆ ಆಗೋ ತಳಿ ಯಾವುದೋ ಅದೇ ಹರಡೋದು. ರೋಗನಿರೋಧಕ ಶಕ್ತಿ ತುಂಬಾ ಕಮ್ಮಿ ಇರೋರ ಮೈಯಲ್ಲಿ ಸೋಂಕು ತಿಂಗಳುಗಟ್ಟಲೆ ಉಳಿದ್ರೆ ಇಂಥ ಬದಲಾವಣೆ ಒಂದರ ಮೇಲೊಂದು ಸೇರ್ತಾ ಹೋಗುತ್ತೆ, ಅಂಥವರಿಗೆ ಚಿಕಿತ್ಸೆ ತಡ ಆಗಬಾರದು ಅಂತ ನಾನು ಒತ್ತಿ ಹೇಳೋದು ಇದಕ್ಕೂ ಸೇರಿಸಿ. ಜೊತೆಗೆ ತಿಂಗಳು ಕಳೆದಂಗೆ ಆಂಟಿಬಾಡಿ ಪ್ರಮಾಣಾನೂ ಇಳಿಯುತ್ತೆ.

ಆದ್ರೆ ನಿಮ್ಮ ಟಿ ಸೆಲ್‌ಗಳು (ರೋಗದ ವಿರುದ್ಧ ಹೋರಾಡೋ ಒಂದು ಬಗೆಯ ಬಿಳಿ ರಕ್ತಕಣ) ವೈರಸ್‌ನ ಬೇರೆ ಬೇರೆ ತುಣುಕುಗಳನ್ನ ಗುರುತಿಸ್ತವೆ, ಅಷ್ಟನ್ನೂ ಒಟ್ಟಿಗೆ ಬದಲಾಯಿಸೋದು ವೈರಸ್‌ಗೆ ಕಷ್ಟ. ಸೋಂಕು ತಗುಲಿದ್ರೂ ಆಸ್ಪತ್ರೆ ಸೇರೋ ಮಟ್ಟಕ್ಕೆ ಹೋಗದಂಗೆ ಕಾಯೋದ್ರಲ್ಲಿ ಅವುಗಳ ಪಾಲು ದೊಡ್ಡದು, ಲಸಿಕೆಯಿಂದ ನಿಮಗೆ ಸಿಕ್ಕಿರೋ ಲಾಭಾನೂ ಅದೇ.

ಆ ಆಂಟಿಬಾಡಿ ಟೆಸ್ಟಿಗೆ ಮತ್ತೆ ದುಡ್ಡು ಹಾಕ್ಬೇಡಿ. ವಯಸ್ಸು 65 ದಾಟಿದ್ರೆ, ಇಲ್ಲಾ ಕ್ಯಾನ್ಸರ್, ಅಂಗಾಂಗ ಕಸಿ ಥರದ ಚಿಕಿತ್ಸೆ ಆಗಿದ್ರೆ ಹೊಸ ತಳಿಗೆ ಅಂತ ಮಾಡಿರೋ ಲಸಿಕೆ ಬಗ್ಗೆ ನಿಮ್ಮ ಡಾಕ್ಟರ್ ಹತ್ರ ಕೇಳಿ, ಹೋಗುವಾಗ ಕೊನೇ ಡೋಸ್ ಯಾವಾಗ ಆಯ್ತು, ಪಾಸಿಟಿವ್ ಯಾವಾಗ ಬಂತು ಅನ್ನೋ ತಾರೀಕು ಬರ್ಕೊಂಡು ಹೋಗಿ.