ಪೆಂಟಾಕ್ಸ್ ಕೆ1000 ಫಿಲ್ಮ್ ಕ್ಯಾಮೆರಾಗೆ ಕಡಿಮೆ ದುಡ್ಡಿನ ಹಳೇ ಮ್ಯಾನುವಲ್ ಲೆನ್ಸ್ ಯಾವುದು?

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಮೊದಲು ಎಸ್‌ಎಂಸಿ ಪೆಂಟಾಕ್ಸ್-ಎಂ 50 ಎಂಎಂ ಎಫ್/2 ಹುಡುಕಿ (ಎಫ್ ಅಂಕಿ ಚಿಕ್ಕದಾದಷ್ಟು ಲೆನ್ಸ್ ಒಳಗೆ ಬೆಳಕು ಬರುವ ಕಿಂಡಿ ದೊಡ್ಡದು). ಆ ಕಾಲದಲ್ಲಿ ಕ್ಯಾಮೆರಾ ಜೊತೆಗೇ ಮಾರುತ್ತಿದ್ದ ಲೆನ್ಸ್ ಅದು, ಹಾಗಾಗಿ ಈಗಲೂ ಸುಲಭವಾಗಿ ಸಿಗುತ್ತದೆ. ಎಫ್/1.4 ಬೇಕೇ ಬೇಕು ಅಂತ ಹಟ ಹಿಡಿದರೆ ಖರ್ಚು ಜಾಸ್ತಿ, ಎಫ್/8ರಲ್ಲಿ ತೆಗೆದ ಫೋಟೋದಲ್ಲಿ ವ್ಯತ್ಯಾಸ ಕಾಣುವುದೇ ಕಷ್ಟ ಅಲ್ವಾ? ಸ್ಕ್ರೂ ಥರ ತಿರುಗಿಸಿ ಕೂರಿಸುವ ಎಂ42 ಟಕುಮಾರ್ 55 ಎಂಎಂ ಕೂಡ ಅಡಾಪ್ಟರ್ ಇದ್ದರೆ ನಡೆಯುತ್ತದೆ, ಆದರೆ ಬೆಳಕು ಅಳೆಯುವ ಮೀಟರ್ ನೋಡುವಾಗ ಅಪರ್ಚರ್ ಅಂದರೆ ಆ ಕಿಂಡಿಯನ್ನು ನೀವೇ ಕಿರಿದು ಮಾಡಬೇಕು, ಆಗ ವ್ಯೂಫೈಂಡರ್ ಮಬ್ಬಾಗುತ್ತದೆ.

ಕೊಳ್ಳುವ ಮುಂಚೆ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ವಾಪಸ್ ಕೊಡಿ. ನಾನೊಮ್ಮೆ ಧೂಳು ಅಂದುಕೊಂಡು ತಂದು ಕೈ ಸುಟ್ಟುಕೊಂಡೆ. ಸಣ್ಣ ಗೀರು ಮಾತ್ರ ಇದ್ದರೆ ಧೈರ್ಯವಾಗಿ ಚೌಕಾಸಿ ಮಾಡಿ.