ಚುಕ್ಕೆ ಇಲ್ಲದ ದಿನ

ಈ ಹುಡುಗನ ಊರು, ಕೋರ್ಸು, ಮನೆ ವಿವರ ಎಲ್ಲ ಬದಲಿಸಿದ್ದೇನೆ. ಆದರೂ ಓದಿದವರು ಯಾರಾದರೂ ಇದು ನನ್ನ ಕಥೆಯೇ ಅಂದುಕೊಂಡರೆ ಆಶ್ಚರ್ಯ ಇಲ್ಲ. ಇಂಥವರು ವರ್ಷಕ್ಕೆ ಮೂರ್ನಾಲ್ಕು ಜನ ಬಂದೇ ಬರುತ್ತಾರೆ.

ಮಂಗಳೂರಿನ ಒಂದು ಕ್ರಿಶ್ಚಿಯನ್ ಕಾಲೇಜಿನಲ್ಲಿ ವಾರಕ್ಕೆ ಎರಡು ದಿನ ಆಪ್ತಸಲಹೆಗೆ ಕೂರುತ್ತೇನೆ. ಇವನು ಕ್ಯಾಥೊಲಿಕ್, ಡಿಗ್ರಿ ಕೊನೆಯ ವರ್ಷ, ಹಾಸ್ಟೆಲ್ ವಾಸ. ನಿದ್ದೆ ಬರುತ್ತಿಲ್ಲ, ಓದಿದ್ದು ತಲೆಗೆ ಹೋಗುತ್ತಿಲ್ಲ ಅಂತ ಬಂದ. ಮೂರನೇ ಸಲ ಬಂದಾಗ ಪರ್ಸಿನಿಂದ ಒಂದು ಪಾಕೆಟ್ ಕ್ಯಾಲೆಂಡರ್ ತೆಗೆದು ಮೇಜಿನ ಮೇಲಿಟ್ಟ. ಚರ್ಚಿನಲ್ಲಿ ಕೊಡುತ್ತಾರಲ್ಲ, ಒಂದು ಕಡೆ ಮಾತೆ ಮರಿಯಳ ಚಿತ್ರ, ಇನ್ನೊಂದು ಕಡೆ ಹನ್ನೆರಡು ತಿಂಗಳು, ಅಂಥದ್ದು. ಕೆಲವು ತಾರೀಕಿನ ಮೇಲೆ ಕೆಂಪು ಚುಕ್ಕೆ. ಪಕ್ಕದಲ್ಲಿ ಇರುವೆಯಷ್ಟು ಸಣ್ಣ ಅಕ್ಷರ: ಮಿ, ಬೆಂ, ಬಿ, ಕು. ಮೊದಲು ಬಸ್ಸಿನ ಲೆಕ್ಕ ಅಂದುಕೊಂಡೆ.

ಚುಕ್ಕೆ ಅಂದರೆ ಹಸ್ತಮೈಥುನ ಮಾಡಿಕೊಂಡ ದಿನ. ಅಕ್ಷರ ಅಂದರೆ ಅದಾದ ಮೇಲೆ ಪಾಪನಿವೇದನೆಗೆ, ಅಂದರೆ ಫಾದರ್ ಹತ್ತಿರ ಪಾಪ ಹೇಳಿಕೊಂಡು ಕ್ಷಮೆ ಕೇಳುವುದಕ್ಕೆ, ಕೊಂಕಣಿಯಲ್ಲಿ ಅವನು ಹೇಳುವ ಹಾಗೆ 'ಕುಮ್ಸಾರ್'ಗೆ, ಹೋದ ಚರ್ಚು. ಮಿಲಾಗ್ರಿಸ್, ಬೆಂದೂರು, ಬಿಜೈ, ಕುಲಶೇಖರ. ಒಬ್ಬರೇ ಫಾದರ್ ಹತ್ತಿರ ಪದೇ ಪದೇ ಹೋದರೆ ದನಿ ಗುರುತು ಹಿಡಿಯುತ್ತಾರೆ ಅಂತ ಸಿಟಿ ಬಸ್ ಹತ್ತಿ ಊರೆಲ್ಲ ಸುತ್ತುತ್ತಿದ್ದ. ಪಾಪ ಹೇಳಿಕೊಳ್ಳದಿದ್ದರೆ ಹಾಸ್ಟೆಲಿನ ಬಲಿಪೂಜೆಯಲ್ಲಿ (ಮಾಸ್) ಪರಮಪ್ರಸಾದ ತೆಗೆದುಕೊಳ್ಳಲು ಏಳುವ ಹಾಗಿಲ್ಲ. ಎಲ್ಲರೂ ಸಾಲಿನಲ್ಲಿ ಹೋಗುವಾಗ ಇವನೊಬ್ಬ ಬೆಂಚಿನಲ್ಲೇ ಕೂತರೆ, ಏನು ಮಾಡಿರಬಹುದು ಅಂತ ಇಡೀ ಹಾಸ್ಟೆಲಿಗೆ ಗೊತ್ತಾಗುತ್ತದೆ ಅನ್ನುವ ಭಯ.

ಇದನ್ನು ಓದಿ ಯಾರೂ ಕ್ರೈಸ್ತರ ಕಡೆ ಬೆರಳು ತೋರಿಸುವುದು ಬೇಡ. ನನ್ನ ಹತ್ತಿರ ಬರುವ ಹಿಂದೂ ಹುಡುಗರಿಗೂ ಇದೇ ಸಂಕಟ. 'ಧಾತು', ಅಂದರೆ ವೀರ್ಯ, ಹೋಯಿತು, ಶಕ್ತಿ ಹೋಯಿತು, ಇನ್ನು ಮದುವೆ ಆಗುವ ಹಾಗಿಲ್ಲ ಅಂತ ಅಳುತ್ತಾರೆ. ಡಾಕ್ಟರ್ ಎನ್. ಎನ್. ವಿಗ್ 1960ರಲ್ಲೇ ಇದಕ್ಕೆ 'ಧಾತ್ ಸಿಂಡ್ರೋಮ್' ಅಂತ ಹೆಸರಿಟ್ಟರು. ಆ ಹುಡುಗರಿಗೆ ಮೈ ಕೆಟ್ಟಿತು ಅನ್ನುವ ಚಿಂತೆ, ಇವನಿಗೆ ಆತ್ಮ ಕೆಟ್ಟಿತು ಅನ್ನುವ ಚಿಂತೆ. ದೇಹಕ್ಕೆ ಇದರಿಂದ ಏನೂ ಆಗುವುದಿಲ್ಲ ಅಂತ ಇವನಿಗೂ ಹೇಳಿದೆ. ತಲೆ ಆಡಿಸಿದ, ಅಷ್ಟೇ. ಅವನ ಪ್ರಶ್ನೆ ಅದಲ್ಲವೇ ಅಲ್ಲ.

ಆ ದಿನ ಅವನು ಬೈಬಲ್ ತಂದಿದ್ದ. ಮತ್ತಾಯನ ಐದನೇ ಅಧ್ಯಾಯ, 28ನೇ ವಾಕ್ಯ. ಹೆಂಗಸನ್ನು ಕೆಟ್ಟ ಆಸೆಯಿಂದ ನೋಡಿದವನು ಮನಸ್ಸಿನಲ್ಲಿ ಆಗಲೇ ವ್ಯಭಿಚಾರ ಮಾಡಿದ ಹಾಗೆ, ಅನ್ನುವ ಮಾತು. ಇದಕ್ಕೆ ಹೆದರಿ ಹುಡುಗಿಯರಿದ್ದ ಪ್ರಾಜೆಕ್ಟ್ ಟೀಮನ್ನೇ ಬಿಟ್ಟಿದ್ದ. ಕ್ಲಾಸಿನ ವಾಟ್ಸಾಪ್ ಗ್ರೂಪಿನಿಂದಲೂ ಹೊರಗೆ ಬಂದಿದ್ದ. ಗ್ರೂಪ್ ಯಾಕೆ ಬಿಟ್ಟೆ ಅಂತ ಸುಮ್ನೆ ಕೇಳಿದೆ.

"ಗಲಾಟೆ ಆಯ್ತು ಮೇಡಂ. ಕಾಲೇಜ್ ಡೇಗೆ ಒಬ್ಳು ಸೀರೆ ಉಟ್ಟ ಫೋಟೋ ಹಾಕಿದ್ಲು. ಯಾರೋ ಅದ್ರ ಕೆಳಗೆ ಗಲೀಜು ಬರ್ದ್ರು. ಸ್ಕ್ರೀನ್‌ಶಾಟ್ ಎಲ್ಲಾ ಕಡೆ ಹೋಯ್ತು."

"ನೀನು?"

"ನಾನೂ ಹಾಸ್ಟೆಲ್ ಗ್ರೂಪಿಗೆ ಹಾಕ್ದೆ. ತಮಾಷೆಗೆ."

ಆ ಹುಡುಗಿ ಒಂದು ವಾರ ಕ್ಲಾಸಿಗೆ ಬಂದಿರಲಿಲ್ಲವಂತೆ. ಅದನ್ನೂ ಅವನೇ ಹೇಳಿದ, ಮಳೆ ಬಂತು ಅಂತ ಹೇಳುವ ಹಾಗೆ. ಯಾವ ತಾರೀಕು ಅಂತ ಕೇಳಿದೆ. ಹೇಳಿದ. ಕ್ಯಾಲೆಂಡರನ್ನು ಅವನ ಕಡೆ ತಿರುಗಿಸಿದೆ.

"ಇಲ್ಲಿ ಚುಕ್ಕೆ ಇಲ್ವಲ್ಲ?"

"ಅವತ್ತು ನಾನು ಏನೂ ಮಾಡಿಲ್ಲ ಮೇಡಂ."

ಹೇಳಿ ಮುಗಿಸಿದ ಮೇಲೆ ಅವನಿಗೇ ಕೇಳಿಸಿತು. ಉಗುರಿನಿಂದ ಆ ತಾರೀಕನ್ನು ಕೆರೆಯತೊಡಗಿದ, ಕೆಳಗೆ ಏನೋ ಬರೆದಿದೆ ಅನ್ನುವ ಹಾಗೆ. ನಾನು ಕ್ರೈಸ್ತಳಲ್ಲ, ಆದರೆ ಈ ಕೆಲಸಕ್ಕೆ ಬಂದ ಮೇಲೆ ಬೈಬಲ್ ಸ್ವಲ್ಪ ಓದಿದ್ದೇನೆ. ಐದು ವಾಕ್ಯ ಹಿಂದೆ ಹೋಗು, 23ರಿಂದ ಓದು ಅಂದೆ. ಬಲಿಪೀಠಕ್ಕೆ ಕಾಣಿಕೆ ತಂದಾಗ ನಿನ್ನ ಮೇಲೆ ಸೋದರನಿಗೆ ಏನೋ ಮನಸ್ತಾಪ ಇದೆ ಅಂತ ನೆನಪಾದರೆ ಕಾಣಿಕೆ ಅಲ್ಲೇ ಬಿಡು, ಮೊದಲು ಹೋಗಿ ರಾಜಿ ಮಾಡಿಕೋ, ಆಮೇಲೆ ಬಾ.

ತುಂಬಾ ಹೊತ್ತಿನ ಮೇಲೆ "ಸೋದರ ಅಂತ ಇದೆ" ಅಂದ.

"ಸೋದರಿ ಅಂತ ಓದ್ಕೋ ಮಾರಾಯ" ಅಂದೆ. ಅವತ್ತೇ ಅವನು ಮೊದಲ ಸಲ ಅತ್ತಿದ್ದು.

ಹೆಸರು ಹೇಳದೆ ಈ ವಿಷಯ ಚರ್ಚಿಸಿದಾಗ ಒಬ್ಬ ಸಹೋದ್ಯೋಗಿ ನನ್ನನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡರು. ಪಾಪಪ್ರಜ್ಞೆಯಲ್ಲಿ ಮುಳುಗುತ್ತಿರುವವನ ತಲೆ ಮೇಲೆ ಇನ್ನೊಂದು ಕಲ್ಲು ಇಟ್ಟಿರಿ ಅಂತ. ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ, ಸುಳ್ಳು ಯಾಕೆ. ಆದರೆ ಈಗಲೂ ಅದೇ ಮಾಡುತ್ತೇನೆ. ಚುಕ್ಕೆಗಳ ತಪ್ಪಿಗೆ ಕೊನೆಯೇ ಇಲ್ಲ, ಎಷ್ಟು ಚರ್ಚು ಸುತ್ತಿದರೂ ಮಾರನೇ ದಿನ ಮತ್ತೆ ಶುರು. ಫೋಟೋದ ತಪ್ಪು ಹಾಗಲ್ಲ. ಅದರಲ್ಲಿ ನೋವಾದವಳು ಒಬ್ಬಳಿದ್ದಾಳೆ, ಮಾಡಬೇಕಾದ ಕೆಲಸ ಇದೆ, ಮಾಡಿದರೆ ಮುಗಿಯುತ್ತದೆ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ನಮ್ಮಲ್ಲಿ ವರ್ಷಕ್ಕೊಮ್ಮೆ ಮೂರು ದಿನದ ರಿಟ್ರೀಟ್, ಅಂದರೆ ಪ್ರಾರ್ಥನೆ-ಉಪದೇಶದ ಶಿಬಿರ, ಇರುತ್ತದೆ. ಹುಡುಗರಿಗೊಂದು ಹಾಲ್, ಹುಡುಗಿಯರಿಗೊಂದು. ಹುಡುಗರ ಹಾಲಿನಲ್ಲಿ ಕಣ್ಣು, ಕೈ, ಮೊಬೈಲಿನ ಪಾಠ. ಹುಡುಗಿಯರ ಹಾಲಿನಲ್ಲಿ ಬಟ್ಟೆಯ ಪಾಠ. ಪರಿಶುದ್ಧತೆ ಅಂದರೆ ನಿನ್ನ ಮೈಯನ್ನು ನೀನು ಕಾಯ್ದುಕೊಳ್ಳುವುದು, ಅಲ್ಲಿಗೆ ಪಾಠ ಮುಗಿಯಿತು. ಪಕ್ಕದ ಹಾಲಿನಲ್ಲಿ ಕೂತವಳ ಮರ್ಯಾದೆ ನಿನ್ನ ಕೈಯಲ್ಲಿದೆ ಅಂತ ಯಾರೂ ಹೇಳುವುದಿಲ್ಲ. ಸಾಲದ್ದಕ್ಕೆ ರೀಲ್ಸ್. 1993ರಲ್ಲಿ ಅಮೆರಿಕದ ಬ್ಯಾಪ್ಟಿಸ್ಟರು, ಅಂದರೆ ಒಂದು ಪ್ರಾಟೆಸ್ಟೆಂಟ್ ಪಂಗಡದವರು, ಮದುವೆವರೆಗೆ ಕಾಯುವ ಪ್ರತಿಜ್ಞೆಯ ಚಳವಳಿ ಶುರು ಮಾಡಿದರು. ಆ ಧಾಟಿಯ ಮಾತು ಈಗ ನಮ್ಮ ಕ್ಯಾಥೊಲಿಕ್ ಹುಡುಗರ ಫೋನಿನಲ್ಲೂ ಓಡುತ್ತಿದೆ. ಇವನ ಭಯದ ಅರ್ಧ ಭಾಗ ಅವನ ಚರ್ಚಿನದ್ದಲ್ಲ, ಫೋನಿನದ್ದು.

ಅವನ ಚರ್ಚು ಹಸ್ತಮೈಥುನವನ್ನು ಗಂಭೀರ ತಪ್ಪು ಅಂತಲೇ ಹೇಳುತ್ತದೆ, ನಾನು ಮುಚ್ಚಿಡಲಿಲ್ಲ. ಆದರೆ ಆ ಚರ್ಚಿನ ಅಧಿಕೃತ ಬೋಧನೆಯ ಪುಸ್ತಕವಾದ 1992ರ ಕ್ಯಾಥೊಲಿಕ್ ಧರ್ಮೋಪದೇಶದ 2352ನೇ ಪ್ಯಾರಾದಲ್ಲೇ, ಮನಸ್ಸು ಮಾಗದಿರುವುದು, ಅಭ್ಯಾಸದ ಬಲ, ಆತಂಕ ಇವೆಲ್ಲ ಮನುಷ್ಯನ ಹೊಣೆಯನ್ನು ತುಂಬಾ ಕಡಿಮೆ ಮಾಡಬಹುದು ಅಂತಲೂ ಇದೆ. ಅವನು ಆ ಸಾಲನ್ನು ಕೇಳಿಯೇ ಇರಲಿಲ್ಲ.

ಕೊಟ್ಟ ಸಲಹೆ ಹೀಗಿತ್ತು. ಮೊದಲು ಮನೋವೈದ್ಯರನ್ನು ನೋಡಬೇಕು, ಯಾಕೆಂದರೆ ಎಣಿಸುವುದು, ಮತ್ತೆ ಮತ್ತೆ ಹೋಗಿ ಹೇಳುವುದು ಗೀಳು ಕಾಯಿಲೆಯ ಲಕ್ಷಣ. ನೋಡಿದ, ಮಾತ್ರೆ ಶುರುವಾಯಿತು. ಎರಡನೆಯದು, ನಾಲ್ಕು ಚರ್ಚು ಬೇಡ, ಒಬ್ಬರೇ ಫಾದರ್, ತಿಂಗಳಿಗೊಮ್ಮೆ, ಹೇಳಿದ ಪಾಪ ಮತ್ತೆ ಹೇಳುವ ಹಾಗಿಲ್ಲ. ಇದು ನನ್ನ ಬುದ್ಧಿಯಲ್ಲ. ಕ್ಯಾಥೊಲಿಕ್ ಸನ್ಯಾಸಿಗಳ ಜೆಸ್ವಿಟ್ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೊಲ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದಾಗ ಇದೇ ಗೀಳಿಗೆ ಸಿಕ್ಕಿ ಸಾಯುವ ಯೋಚನೆಯವರೆಗೆ ಹೋಗಿದ್ದರು. ಹಳೆಯ ಪಾಪಗಳನ್ನು ಇನ್ನು ನಿವೇದಿಸುವುದಿಲ್ಲ ಅಂತ ತೀರ್ಮಾನಿಸಿದ ಮೇಲೆ ಹೊರಗೆ ಬಂದರು. ಸಂತರಿಗೂ ಹೀಗಾಗಿತ್ತಾ ಅಂತ ಎರಡು ಸಲ ಕೇಳಿದ.

ಮೂರನೆಯದಕ್ಕೆ ತುಂಬಾ ಮಾತಾಡಬೇಕಾಯಿತು. ಫೋಟೋ ಅಳಿಸು. ಹಾಸ್ಟೆಲ್ ಗ್ರೂಪಿನಲ್ಲಿ ನಾನು ಮಾಡಿದ್ದು ತಪ್ಪು ಅಂತ ಬರೆ. ಅವಳಿಗೆ ಎರಡು ಸಾಲಿನ ಕ್ಷಮೆ ಕೇಳು, ಉತ್ತರ ಕಾಯಬೇಡ, ಹಿಂದೆ ಹೋಗಬೇಡ. ಅವಳ ಮುಂದೆ ಕೂತು ಅಳುವ ಯೋಚನೆ ಅವನದು. ಅವಳು ನಿನ್ನ ಪಾಪನಿವೇದನೆಯ ಪೀಠ ಅಲ್ಲ ಅಂದೆ.

ಬರೆದ. ಗ್ರೂಪಿನಲ್ಲಿ ಒಂದಿಷ್ಟು ಜನ ನಕ್ಕರು. ಅವಳಿಂದ "ಸರಿ" ಅಂತ ಒಂದೇ ಪದ ಬಂತು. ಕ್ಷಮಿಸಿದಳೋ ಇಲ್ವೋ ಅಂತ ಆ ಪದವನ್ನು ಹಿಡಿದುಕೊಂಡು ಎರಡು ವಾರ ಒದ್ದಾಡಿದ. ಗೊತ್ತಾಗದೆ ಇರುವುದನ್ನೂ ಸಹಿಸಬೇಕು ಅಂತ ನಾನು ಹೇಳಿದ್ದನ್ನೇ ಹೇಳಿದೆ.

ಕಳೆದ ಸಲ ಬಂದಾಗ ಮೇಜಿನ ಮೇಲೆ ಕ್ಯಾಲೆಂಡರ್ ಬರಲಿಲ್ಲ. ಕೇಳಿದೆ. "ಇದೆ ಮೇಡಂ, ಬ್ಯಾಗಲ್ಲಿ" ಅಂದ. ತೋರಿಸು ಅನ್ನಲಿಲ್ಲ. ಪ್ರಾಜೆಕ್ಟಿನ ಬಗ್ಗೆ ಮಾತಾಡಿದೆವು.