ಕೋವಿಡ್ ಕಾಲದಲ್ಲಿ ಅಮೆರಿಕದ ಕಪ್ಪು ಜನಾಂಗದವರಿಗೆ ಕಿಡ್ನಿ ಕಸಿ ಕಷ್ಟವಾಗಿತ್ತೇ?

"ಕಿಡ್ನಿ ಹಂಚುವುದು ಕಂಪ್ಯೂಟರ್, ಅದಕ್ಕೆ ಬಣ್ಣ ಗೊತ್ತಿಲ್ಲ. ಮತ್ತೆ ತಾರತಮ್ಯ ಎಲ್ಲಿಂದ ಬಂತು?" ಅಂತ ಕೇಳಿದ್ದೀರಿ. 2020ರಲ್ಲಿ ನಾನು ಡೆಟ್ರಾಯ್ಟ್ ಹತ್ತಿರ ಡಯಾಲಿಸಿಸ್ ಕೇಂದ್ರವೊಂದರಲ್ಲಿ ನರ್ಸ್ ಆಗಿದ್ದೆ, ಅಲ್ಲಿ ಕಂಡಷ್ಟು ಹೇಳ್ತೀನಿ.

ಆ ದೇಶದ ಜನಸಂಖ್ಯೆಯಲ್ಲಿ ಕಪ್ಪು ಜನಾಂಗದವರು 100ಕ್ಕೆ 13ರಷ್ಟು. ಡಯಾಲಿಸಿಸ್ ಕುರ್ಚಿಯಲ್ಲಿ ಕೂತವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು. ಊರಿಗೆಲ್ಲ ಮನೆಯಲ್ಲೇ ಇರಿ ಅಂದಾಗಲೂ ಇವರು ವಾರಕ್ಕೆ ಮೂರು ಸಲ ಬಸ್ಸಲ್ಲೋ ವ್ಯಾನಲ್ಲೋ ಬರಲೇಬೇಕಿತ್ತು. ಏಪ್ರಿಲ್ ಹೊತ್ತಿಗೆ ನಮ್ಮ ಬೆಳಗಿನ ಪಾಳಿಯಲ್ಲಿ ಕೆಲವು ಕುರ್ಚಿ ಖಾಲಿ. ಯಾಕೆ ಅಂತ ಪಕ್ಕದವರು ಕೇಳುತ್ತಿರಲಿಲ್ಲ.

ಕಂಪ್ಯೂಟರ್ ನೋಡುವುದು ಕಸಿಗೆ ಕಾಯುವವರ ಪಟ್ಟಿಯಲ್ಲಿರುವ ಹೆಸರನ್ನು ಮಾತ್ರ. ಹೆಸರು ಸೇರಬೇಕಾದರೆ ಹೃದಯದ ಪರೀಕ್ಷೆ, ಹಲ್ಲಿನ ತಪಾಸಣೆ, ಕ್ಯಾನ್ಸರ್ ಇಲ್ಲ ಅನ್ನುವ ವರದಿ ಎಲ್ಲ ಆಗಬೇಕು. ನಮ್ಮಲ್ಲಿ ಬರುತ್ತಿದ್ದ ಸಿಟಿ ಬಸ್ ಡ್ರೈವರ್ ಒಬ್ಬರಿಗೆ ಹಲ್ಲಿನ ಚೀಟಿ ಒಂದೇ ಬಾಕಿ ಇತ್ತು, ದಂತವೈದ್ಯರ ಬಾಗಿಲು ಮುಚ್ಚಿತ್ತು. ಡಯಾಲಿಸಿಸ್ ಶುರುವಾದ ದಿನದಿಂದಲೇ ಸರದಿ ಲೆಕ್ಕ ಹಾಕುತ್ತಾರೆ, ನಿಜ. ಆದರೆ ಹೆಸರೇ ಇಲ್ಲದವನಿಗೆ ಕಿಡ್ನಿ ಬಂದಿದೆ ಅನ್ನುವ ಫೋನ್ ಬರಲ್ಲ.

ಬದುಕಿರುವ ದಾನಿಗಳಿಂದ ಮಾಡುವ ಕಸಿ ಆ ವಸಂತದಲ್ಲಿ ನಿಂತೇಹೋದಂತಾಗಿತ್ತು. 2019ರಲ್ಲಿ 6,900ರಷ್ಟಿದ್ದದ್ದು 2020ರಲ್ಲಿ 5,200ಕ್ಕೆ ಇಳಿಯಿತು. ಈ ಏಟು ಬಿಳಿಯರಿಗೂ ಜೋರಾಗೇ ಬಿತ್ತು, ಯಾಕಂದ್ರೆ ಅಂಥ ಕಸಿ ಹೆಚ್ಚಾಗಿ ಸಿಗುತ್ತಿದ್ದದ್ದು ಅವರಿಗೇ. ಹಾಗಾಗಿ ಎಲ್ಲವನ್ನೂ ಕೋವಿಡ್ ತಲೆಗೆ ಕಟ್ಟುವುದನ್ನು ನಾನು ಒಪ್ಪಲ್ಲ.

ಹಳೆಯ ಗಂಟು ಬೇರೆಯೇ ಇತ್ತು. ರಕ್ತದ ಕ್ರಿಯಾಟಿನಿನ್ (ಮಾಂಸಖಂಡದಿಂದ ಬರುವ, ಕಿಡ್ನಿ ಹೊರಹಾಕುವ ಕಶ್ಮಲ) ನೋಡಿ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಲೆಕ್ಕ ಹಾಕುವ ಸೂತ್ರದಲ್ಲಿ, ರೋಗಿ ಕಪ್ಪು ಅಂತ ಬರೆದರೆ ಉತ್ತರವನ್ನು 1.159ರಿಂದ ಗುಣಿಸುತ್ತಿದ್ದರು. ಅವರ ಮೈಯಲ್ಲಿ ಮಾಂಸಖಂಡ ಹೆಚ್ಚು ಅನ್ನುವ ಊಹೆ ಅದಕ್ಕೆ ಆಧಾರ! ಡಯಾಲಿಸಿಸ್‌ಗೆ ಮುಂಚೆಯೇ ಸರದಿ ಶುರುವಾಗಲು ಈ ಲೆಕ್ಕದಲ್ಲಿ ಬರುವ ಅಂಕ 20 ಅಥವಾ ಕಡಿಮೆ ಇರಬೇಕು. ಅದೇ ರಕ್ತಕ್ಕೆ ಬಿಳಿಯನಿಗೆ 18 ಬಂದರೆ ಕಪ್ಪು ಮನುಷ್ಯನಿಗೆ ಸುಮಾರು 21. ಅವನು ಹೊರಗೆ.

2021ರಲ್ಲಿ ಜನಾಂಗ ಬಿಟ್ಟ ಹೊಸ ಸೂತ್ರ ಬಂತು. 2023ರಲ್ಲಿ ಹಳೆಯ ದಾಖಲೆ ತೆಗೆದು ಕಳೆದುಹೋದ ಸಮಯವನ್ನು ವಾಪಸ್ ಸೇರಿಸಿ ಅಂತ ಎಲ್ಲ ಕಸಿ ಆಸ್ಪತ್ರೆಗಳಿಗೂ ಆದೇಶವಾಯಿತು. ಅಷ್ಟರಲ್ಲಿ ಪಟ್ಟಿ ಸೇರಿದ್ದ ನಮ್ಮ ಡ್ರೈವರ್‌ಗೂ ಪತ್ರ ಬಂತು, ಸುಮಾರು ಎರಡು ವರ್ಷ ಸೇರಿತ್ತು. ಅವತ್ತು ಕನ್ನಡಕ ಮರೆತು ಬಂದಿದ್ದರು. ನಾನೇ ಓದಿ ಹೇಳಿದೆ, ಇನ್ನೊಂದು ಸಲ ಓದು ಅಂದರು.